ರಾತ್ರಿ ನೆನೆದ ಓಟ್ಸ್‌ನ ಅರ್ಥಶಾಸ್ತ್ರ

ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೆ ಓಟ್ಸ್ ಪ್ರವೇಶಿಸಿದ್ದು ಬಹುಮಟ್ಟಿಗೆ ವೈದ್ಯರ ಸಲಹೆಯ ಮೂಲಕ. ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲ್ ಮಿತಿಮೀರಿದೆ ಎಂದು ಗೊತ್ತಾದ ಮರುದಿನವೇ ಡಬ್ಬ ಮನೆಗೆ ಬರುತ್ತದೆ. ನಾಲ್ಕು ದಿನ ಅದನ್ನು ಗಂಜಿಯಂತೆ ಕಾಯಿಸಿ, ಗೋಂದಿನಂತೆ ಅಂಟುವ ಆ ಪದಾರ್ಥವನ್ನು ಔಷಧದಂತೆ ನುಂಗಿ, ಐದನೆಯ ದಿನ ಮನೆಮಂದಿ ಉಪ್ಪಿಟ್ಟಿಗೆ ಮರಳುತ್ತಾರೆ. ಡಬ್ಬ ಕಪಾಟಿನ ಮೂಲೆ ಸೇರುತ್ತದೆ. ಅದೇ ಧಾನ್ಯವನ್ನು ಬೇಯಿಸದೆ, ರಾತ್ರಿ ಹಾಲಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಹಣ್ಣು, ಚಕ್ಕೆ, ಏಲಕ್ಕಿಗಳೊಡನೆ ಸೇವಿಸುವ ಕ್ರಮವೊಂದು ಈಚಿನ ವರ್ಷಗಳಲ್ಲಿ ಯುವಜನರಲ್ಲಿ ಬಳಕೆಗೆ ಬಂದಿದೆ. ಇದನ್ನು ಬರಿಯ ಫ್ಯಾಷನ್ ಎಂದು ತಳ್ಳಿಹಾಕುವವರೂ, ಸರ್ವರೋಗಕ್ಕೂ ಮದ್ದೆಂದು ಕೊಂಡಾಡುವವರೂ ಒಂದು ಮುಖ್ಯ ಸಂಗತಿಯನ್ನು ಗಮನಿಸಿದಂತಿಲ್ಲ. ಈ ಉಪಾಹಾರದ ಅತಿ ದೊಡ್ಡ ಗುಣವೆಂದರೆ ಅದು ಬೆಳಗಿನ ಹೊತ್ತಿನ ಶ್ರಮವನ್ನು ಉಳಿಸುತ್ತದೆ. ಆ ಶ್ರಮ ಇದುವರೆಗೆ ಯಾರ ಪಾಲಿನದಾಗಿತ್ತು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ.

ನೆನೆಸಿದ ಓಟ್ಸ್ ಇತ್ತೀಚಿನ ಆವಿಷ್ಕಾರವೇನೂ ಅಲ್ಲ. ಸ್ವಿಟ್ಜರ್ಲೆಂಡ್‌ನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್ (1867–1939) ಜ್ಯೂರಿಕ್‌ನಲ್ಲಿದ್ದ ತಮ್ಮ ಆರೋಗ್ಯಧಾಮದ ರೋಗಿಗಳಿಗೆ ಇಂಥದೊಂದು ತಿನಿಸನ್ನು ಕೊಡುತ್ತಿದ್ದರು. ಮ್ಯೂಸ್ಲಿ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಅದೇ. ಒಂದು ದೊಡ್ಡ ಚಮಚದಷ್ಟು ಓಟ್ಸನ್ನು ಹನ್ನೆರಡು ಗಂಟೆ ನೀರಿನಲ್ಲಿ ನೆನೆಸಿ, ನಿಂಬೆರಸ, ಸಿಹಿಯಾದ ಗಟ್ಟಿ ಹಾಲು, ತುರಿದ ಸೇಬು, ಪುಡಿಮಾಡಿದ ಬಾದಾಮಿ ಸೇರಿಸುವುದು ಅವರ ಕ್ರಮ. ಓಟ್ಸ್ ಒಂದೇ ಚಮಚ. ಸೇಬು ಮಾತ್ರ ಇಡಿಯದು. ಅಂದರೆ ಅದು ಹಣ್ಣಿನ ತಿನಿಸು, ಧಾನ್ಯ ಅದಕ್ಕೆ ಒತ್ತಾಸೆ. ಇಂದು ಅದೇ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಡಬ್ಬಗಳಲ್ಲಿ ಈ ಪ್ರಮಾಣ ತಿರುವುಮುರುವಾಗಿದೆ: ಧಾನ್ಯವೂ ಸಕ್ಕರೆಯೂ ಧಾರಾಳ, ಹಣ್ಣಿನ ಲೆಕ್ಕಕ್ಕೆ ನಾಲ್ಕು ಒಣದ್ರಾಕ್ಷಿ.

ಬೇಯಿಸದ ಧಾನ್ಯವನ್ನು ತಿನ್ನಬಹುದೇ ಎಂಬ ಸಂಶಯ ಹಿರಿಯರಲ್ಲಿ ಸಹಜವಾಗಿಯೇ ಇದೆ. ವಾಸ್ತವವಾಗಿ ಅಂಗಡಿಯಲ್ಲಿ ದೊರೆಯುವ ಓಟ್ಸ್ ಹಸಿ ಧಾನ್ಯವಲ್ಲ. ಕಾರ್ಖಾನೆಯಲ್ಲಿ ಅದರ ಹೊಟ್ಟು ತೆಗೆದು, ಬಿಸಿಮಾಡಿ, ಹಬೆಯಲ್ಲಿ ಮೆದುವಾಗಿಸಿ, ಉರುಳೆಗಳ ನಡುವೆ ಚಪ್ಪಟೆಗೊಳಿಸಿರುತ್ತಾರೆ. ಗೋಧಿ, ಅಕ್ಕಿಗಳಿಗಿಂತ ಈ ಧಾನ್ಯದಲ್ಲಿ ಕೊಬ್ಬು ಹೆಚ್ಚು; ಶಾಖ ತಾಗಿಸದಿದ್ದರೆ ಅದರೊಳಗಿನ ಕಿಣ್ವಗಳು ಆ ಕೊಬ್ಬನ್ನು ಒಡೆದು ಕಮಟು ವಾಸನೆ ಹುಟ್ಟಿಸುತ್ತವೆ. ಕೆಡದಿರಲೆಂದು ಮಾಡಿದ ಈ ಸಂಸ್ಕರಣೆಯೇ ನಮ್ಮ ಒಲೆಯ ಕೆಲಸವನ್ನೂ ತಪ್ಪಿಸುತ್ತದೆ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅವಲಕ್ಕಿ ಮಾಡಿದ ನಮ್ಮ ಪೂರ್ವಿಕರು ಕಂಡುಕೊಂಡಿದ್ದೂ ಇದನ್ನೇ. ಓಟ್ಸನ್ನು ಪಶ್ಚಿಮದವರ ಅವಲಕ್ಕಿ ಎಂದು ಕರೆದರೆ ತಪ್ಪಾಗಲಾರದು.

ಮಾಡುವ ಕ್ರಮ ಸರಳವಾದರೂ ಕೆಲವು ವಿವರಗಳು ರುಚಿಯನ್ನು ನಿರ್ಧರಿಸುತ್ತವೆ. ಒಬ್ಬರಿಗೆ 40 ಗ್ರಾಂ, ಅಂದರೆ ಸುಮಾರು ಅರ್ಧ ಬಟ್ಟಲು, ಸಾದಾ ರೋಲ್ಡ್ ಓಟ್ಸ್ ಸಾಕು. ಇನ್‌ಸ್ಟಂಟ್ ಎಂದು ನಮೂದಿಸಿರುವ ತೆಳು ಓಟ್ಸ್ ಬೆಳಗಾಗುವಷ್ಟರಲ್ಲಿ ಕೆಸರಾಗುತ್ತದೆ. ಸ್ಟೀಲ್ ಕಟ್ ಎಂಬ ನುಚ್ಚು ಒಂದು ರಾತ್ರಿಯ ನೆನೆಗೆ ಅಷ್ಟಾಗಿ ಮಣಿಯುವುದಿಲ್ಲ. ಅರ್ಧ ಬಟ್ಟಲಿಗೆ 120 ಮಿ.ಲೀ. ಕಾಯಿಸಿ ಆರಿಸಿದ ಹಾಲು, ಎರಡು ಚಮಚ ಮೊಸರು, ಒಂದು ಕಣ ಉಪ್ಪು. ಮೊಸರು ತರುವ ನಸುಹುಳಿ ಇಲ್ಲದಿದ್ದರೆ ಇಡೀ ತಿನಿಸು ಸಪ್ಪೆಯೆನಿಸುತ್ತದೆ.

ಮಸಾಲೆಯ ವಿಚಾರದಲ್ಲಿ ಸ್ವಲ್ಪ ತಾಳ್ಮೆ ಬೇಕು. ಪುಡಿಯನ್ನು ತಣ್ಣನೆಯ ಹಾಲಿಗೆ ಉದುರಿಸಿದರೆ ಅದು ಮೇಲೆ ತೇಲುತ್ತದೆಯೇ ಹೊರತು ಪರಿಮಳವನ್ನು ಬಿಟ್ಟುಕೊಡುವುದಿಲ್ಲ. ಚಕ್ಕೆ, ಏಲಕ್ಕಿಗಳ ಸುಗಂಧ ತೈಲಗಳು ಕೊಬ್ಬಿನಲ್ಲಿ ಕರಗುವಂಥವು. ಶಾಖ ಅದಕ್ಕೆ ನೆರವಾಗುತ್ತದೆ. ಆದ್ದರಿಂದ ರಾತ್ರಿ ಹಾಲು ಕಾಯಿಸುವಾಗಲೇ ಜಜ್ಜಿದ ಒಂದು ಏಲಕ್ಕಿ, ಸಣ್ಣ ತುಂಡು ಚಕ್ಕೆ, ಚಿಟಿಕೆ ಒಣಶುಂಠಿ ಹಾಕಿ, ಆರಿದ ಮೇಲೆ ಸೋಸಿ ಬಳಸುವುದು ಲೇಸು. ಜಾಯಿಕಾಯಿಯನ್ನು ತುರಿಯುವ ಮಣೆಯ ಮೇಲೆ ಎರಡು ಬಾರಿ ಎಳೆದರೆ ಸಾಕು. ಹೆಚ್ಚಾದರೆ ಕಹಿ, ಅತಿಯಾದರೆ ಅಪಾಯಕಾರಿ. ಸಕಲೇಶಪುರ, ಮೂಡಿಗೆರೆ, ಕೊಡಗುಗಳ ಏಲಕ್ಕಿಯ ನಾಡಿನಲ್ಲಿದ್ದುಕೊಂಡು ‘ಏಲಕ್ಕಿ ಸ್ವಾದ’ದ ಪೊಟ್ಟಣಕ್ಕೆ ಹಣ ತೆರುವುದು ನನ್ನ ದೃಷ್ಟಿಯಲ್ಲಿ ಅನವಶ್ಯಕ.

ಚಕ್ಕೆಯ ಬಗ್ಗೆ ಒಂದು ಎಚ್ಚರಿಕೆ. ಸುರುಳಿಯಾಗಿ, ಕಾಗದದಂತೆ ಪದರಪದರವಾಗಿರುವುದು ನಿಜವಾದ ದಾಲ್ಚಿನ್ನಿ. ಒರಟಾದ, ದಪ್ಪ ತೊಗಟೆಯಂತಿರುವುದು ಕ್ಯಾಸಿಯಾ. ನಮ್ಮ ಆಹಾರ ಸುರಕ್ಷತಾ ನಿಯಮಗಳೂ ಇವೆರಡಕ್ಕೆ ಪ್ರತ್ಯೇಕ ಮಾನದಂಡ ಇಟ್ಟಿವೆ. ಆದರೆ ದಿನಸಿ ಅಂಗಡಿಯಲ್ಲಿ ಎರಡೂ ‘ಚಕ್ಕೆ’ಯೇ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ರಾಸಾಯನಿಕ ಹೆಚ್ಚಾಗಿದ್ದು, ಅತಿಯಾದರೆ ಯಕೃತ್ತಿಗೆ ಹಾನಿಕರ. ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನವೊಂದಕ್ಕೆ 0.1 ಮಿಲಿಗ್ರಾಂ ಎಂಬುದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸಿರುವ ಮಿತಿ. ಪಲಾವಿಗೆ ಅಪರೂಪಕ್ಕೊಮ್ಮೆ ಹಾಕುವವರು ಚಿಂತಿಸಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇಳಿಯಲೆಂದು ದಿನವೂ ಚಮಚಗಟ್ಟಲೆ ಪುಡಿ ತಿನ್ನುವವರು ಚಿಂತಿಸಬೇಕು.

ಹಣ್ಣುಗಳಲ್ಲಿ ಎಲ್ಲವೂ ರಾತ್ರಿಯೇ ಸೇರುವಂಥವಲ್ಲ. ತುರಿದ ಸೇಬು, ಒಣದ್ರಾಕ್ಷಿ, ಹೆಚ್ಚಿದ ಒಂದೆರಡು ಖರ್ಜೂರ ನೆನೆದಷ್ಟೂ ಒಳ್ಳೆಯದು. ಬಾಳೆಹಣ್ಣು ಕಪ್ಪಾಗುವುದರಿಂದ ಬೆಳಿಗ್ಗೆ ಸೇರಿಸಬೇಕು. ದಾಳಿಂಬೆ, ಮಾವು ಕೂಡ ಹಾಗೆಯೇ. ಅನಾನಸು ಮತ್ತು ಪಪ್ಪಾಯಿಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿರುವುದರಿಂದ, ರಾತ್ರಿಯಿಡೀ ಹಾಲಿನಲ್ಲಿಟ್ಟರೆ ಬೆಳಿಗ್ಗೆ ಬಾಯಿಗಿಡಲಾಗದಷ್ಟು ಕಹಿಯಾಗಿರುತ್ತದೆ. ಚೆನ್ನಾಗಿ ಕಳಿತ ಒಂದು ಏಲಕ್ಕಿ ಬಾಳೆಹಣ್ಣು ಇದ್ದರೆ ಬೇರೆ ಸಿಹಿ ಬೇಡ. ಕೊನೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಬಾದಾಮಿಯೇ ಆಗಬೇಕೆಂಬ ನಿಯಮವಿಲ್ಲ.

ಇನ್ನು ಆರೋಗ್ಯದ ಪ್ರಶ್ನೆ. ಓಟ್ಸ್‌ನ ಕೀರ್ತಿಗೆ ಕಾರಣ ಅದರಲ್ಲಿರುವ ಬೀಟಾ-ಗ್ಲೂಕನ್ ಎಂಬ, ನೀರಿನಲ್ಲಿ ಕರಗುವ ನಾರು. ದಿನಕ್ಕೆ 3 ಗ್ರಾಂನಷ್ಟು ಈ ನಾರು, ಪರ್ಯಾಪ್ತ ಕೊಬ್ಬು ಕಡಿಮೆಯಿರುವ ಆಹಾರದ ಜೊತೆಗೆ ದೊರೆತರೆ ಹೃದ್ರೋಗದ ಅಪಾಯ ತಗ್ಗಬಹುದು ಎಂಬ ಹೇಳಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಅನುಮತಿ ನೀಡಿತು. ನಮ್ಮ ಅರ್ಧ ಬಟ್ಟಲಿನಿಂದ ದೊರೆಯುವುದು ಹೆಚ್ಚೆಂದರೆ 2 ಗ್ರಾಂ. ಮೇಲಿನ ಷರತ್ತೂ ಮುಖ್ಯ: ಬೆಳಿಗ್ಗೆ ಓಟ್ಸ್ ತಿಂದು ಸಂಜೆ ಬೋಂಡಾ ತಿಂದರೆ ಆ ಹೇಳಿಕೆ ಅನ್ವಯಿಸದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ ಸುಮಾರು 10 ಕೋಟಿ ಮಂದಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಅಂಥ ಸಮಾಜದಲ್ಲಿ ಓಟ್ಸ್‌ನ ಮೇಲೆ ಸುರಿಯುವ ಜೇನುತುಪ್ಪವನ್ನು ‘ನೈಸರ್ಗಿಕ’ ಎಂದು ಸಮರ್ಥಿಸಿಕೊಳ್ಳುವುದು ಆತ್ಮವಂಚನೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಆದರ್ಶವೆಂದು ಸೂಚಿಸುವ ದಿನದ ಮಿತಿ ಸುಮಾರು 25 ಗ್ರಾಂ.

ಆರಂಭದಲ್ಲಿ ಪ್ರಸ್ತಾಪಿಸಿದ ಶ್ರಮದ ವಿಷಯಕ್ಕೆ ಈಗ ಬರೋಣ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ 289 ನಿಮಿಷ ವ್ಯಯಿಸುತ್ತಾರೆ. ಪುರುಷರು 88 ನಿಮಿಷ. ಈ 88 ನಿಮಿಷ ಕೂಡ ಮನೆಗೆಲಸ ಮಾಡುವ ಪುರುಷರ ಸರಾಸರಿ. ಮಾಡದೇ ಇರುವವರು ಆ ಲೆಕ್ಕಕ್ಕೇ ಬರುವುದಿಲ್ಲ. ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಈ ದುಡಿಮೆಗೆ ಸ್ಥಾನವಿಲ್ಲ. ಮನೆಯಾಳಾಗಿದ್ದವಳನ್ನು ಯಜಮಾನ ಮದುವೆಯಾದರೆ ದೇಶದ ವರಮಾನ ಇಳಿಯುತ್ತದೆ ಎಂಬ ವಿಚಿತ್ರವನ್ನು ಅರ್ಥಶಾಸ್ತ್ರಜ್ಞ ಪಿಗೂ ನೂರು ವರ್ಷಗಳ ಹಿಂದೆಯೇ ಎತ್ತಿ ತೋರಿದ್ದರು. ನಾವು ವಿದ್ಯಾರ್ಥಿಗಳಾಗಿ ಅದನ್ನು ಓದಿ ನಕ್ಕಿದ್ದುಂಟು. ನಗುವಂಥದೇನೂ ಅದರಲ್ಲಿರಲಿಲ್ಲ.

ನಮ್ಮ ಸಾಂಪ್ರದಾಯಿಕ ಉಪಾಹಾರಗಳ ರುಚಿಯ ಬಗ್ಗೆ ಎರಡು ಮಾತಿಲ್ಲ. ಅವುಗಳ ಹಿಂದಿರುವ ದುಡಿಮೆಯ ಬಗ್ಗೆಯೂ ಎರಡು ಮಾತಿರಬಾರದು. ಇಡ್ಲಿಯ ಹಿಟ್ಟೂ ರಾತ್ರಿಯೇ ಸಿದ್ಧವಾಗುತ್ತದೆ ಎನ್ನಬಹುದು. ಆದರೆ ನೆನೆಸುವುದು, ರುಬ್ಬುವುದು, ಬೆಳಿಗ್ಗೆ ಬೇಯಿಸುವುದು, ಚಟ್ನಿ, ಸಾಂಬಾರು, ಕೊನೆಗೆ ತಟ್ಟೆಗಳನ್ನು ತಿಕ್ಕುವುದು ಎಲ್ಲವೂ ಹಾಗೆಯೇ ಇರುತ್ತವೆ. ಎಂಟು ಗಂಟೆಗೆ ಕಚೇರಿಯ ಬಸ್ಸು ಹಿಡಿಯಬೇಕಾದ ಸೊಸೆ ಐದಕ್ಕೆ ಏಳುವುದು ಈ ಕಾರಣಕ್ಕೆ. ಓಟ್ಸ್ ನೆನೆಸಲು ಪಾಕಪ್ರಾವೀಣ್ಯ ಬೇಕಿಲ್ಲ, ಎಪ್ಪತ್ತರ ಮಾವನವರೂ ಹದಿಮೂರರ ಹುಡುಗನೂ ಅದನ್ನು ಮಾಡಬಲ್ಲರು. ನಿವೃತ್ತಿಯ ನಂತರ ನಮ್ಮ ಮನೆಯಲ್ಲಿ ಈ ಖಾತೆ ನನ್ನ ಪಾಲಿಗೆ ಬಂದಿದೆ. ಹಾಲು ಕಾಯುವ ಹೊತ್ತನ್ನು ಬಿಟ್ಟರೆ ನಾಲ್ಕು ಜನರ ಡಬ್ಬಿ ತುಂಬಿಸಲು ಹತ್ತು ನಿಮಿಷ ಹಿಡಿಯುತ್ತದೆ. ವಾರದಲ್ಲಿ ಮೂರು ದಿನ ಹೀಗೆ, ಉಳಿದ ದಿನ ದೋಸೆ, ಉಪ್ಪಿಟ್ಟು. ಇದರಿಂದ ಸಂಸ್ಕೃತಿಗೆ ಧಕ್ಕೆಯಾದ ಲಕ್ಷಣ ಇದುವರೆಗೆ ಕಂಡಿಲ್ಲ.

ಈ ಅನುಕೂಲಕ್ಕೆ ತೆರುವ ಬೆಲೆಯೂ ವಿಚಾರಾರ್ಹ. ಕಿಲೋಗೆ ಸುಮಾರು ಇನ್ನೂರು ರೂಪಾಯಿಯ ಸಾದಾ ಓಟ್ಸ್ ಕೊಂಡರೆ ಒಬ್ಬರ ಪಾಲಿಗೆ ಎಂಟು ರೂಪಾಯಿ ಬೀಳುತ್ತದೆ. ಹಾಲು, ಹಣ್ಣು, ಕಡಲೆಬೀಜ ಸೇರಿದರೂ ಹೋಟೆಲಿನ ಒಂದು ಪ್ಲೇಟ್ ಇಡ್ಲಿಯ ಆಸುಪಾಸಿನಲ್ಲೇ ಮುಗಿಯುತ್ತದೆ. ಅದೇ ಧಾನ್ಯಕ್ಕೆ ಸಕ್ಕರೆ ಮತ್ತು ಸ್ವಾದ ಬೆರೆಸಿದ ಪೊಟ್ಟಣಗಳಿಗೆ ಇದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ. ತೆರಿಗೆ ನೀತಿ ಹಿಂದೆ ಇವೆರಡರ ನಡುವೆ ಸ್ವಲ್ಪ ಅಂತರವನ್ನಾದರೂ ಇಟ್ಟಿತ್ತು. ಸಾದಾ ಓಟ್ಸ್‌ಗೆ ಶೇ 5, ಕಾರ್ನ್‌ಫ್ಲೇಕ್ಸ್ ಮುಂತಾದ ಸಿದ್ಧ ಧಾನ್ಯ ತಿನಿಸುಗಳಿಗೆ ಶೇ 18ರಷ್ಟು ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 5 ಆಗಿದೆ. ತೆರಿಗೆ ಸರಳೀಕರಣ ಸ್ವಾಗತಾರ್ಹವೇ. ಆದರೆ ಸಕ್ಕರೆ ಬೆರೆಸಿದ್ದಕ್ಕೂ ಬೆರೆಸದ್ದಕ್ಕೂ ಒಂದೇ ದರ ವಿಧಿಸುವಾಗ ಸಕ್ಕರೆಯ ಪ್ರಮಾಣವನ್ನು ಆಧರಿಸಿದ ವ್ಯತ್ಯಾಸವೊಂದನ್ನು ಉಳಿಸಿಕೊಳ್ಳಬಹುದಿತ್ತು.

ರಾಗಿಯ ನಾಡಿನಲ್ಲಿ ಹೊರಗಿನ ಧಾನ್ಯವೇಕೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಭಾರತದಲ್ಲಿ ಓಟ್ಸ್ ಬೆಳೆಯುವುದು ಮುಖ್ಯವಾಗಿ ಮೇವಿಗಾಗಿ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದೆವು; ಅದಕ್ಕೂ ಮೊದಲೇ ರಾಜ್ಯ ಸರ್ಕಾರ ‘ರೈತ ಸಿರಿ’ ಯೋಜನೆಯಡಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ಇವೆಲ್ಲ ಬೆಳೆಯುವವನ ಕಡೆಯ ಕ್ರಮಗಳು. ಅಡುಗೆಮನೆಯಲ್ಲಿ ಸಮಸ್ಯೆ ಬೇರೆಯೇ ಇದೆ. ನವಣೆ, ಸಾಮೆಗಳನ್ನು ಗಂಟೆಗಟ್ಟಲೆ ನೆನೆಸಿ ಬೇಯಿಸಬೇಕು, ಹಸಿ ರಾಗಿಹಿಟ್ಟನ್ನು ಒಲೆಯ ಮುಂದೆ ನಿಂತು ತಿರುವಬೇಕು. ಓಟ್ಸ್ ಗೆದ್ದಿರುವುದು ಪೋಷಕಾಂಶಗಳ ಪಟ್ಟಿಯಿಂದಲ್ಲ. ಅದರ ಕೆಲಸವನ್ನು ಗಿರಣಿ ಮೊದಲೇ ಮುಗಿಸಿಟ್ಟಿರುತ್ತದೆ, ಅಷ್ಟೇ. ಸಿರಿಧಾನ್ಯಗಳ ಅವಲಕ್ಕಿ ಈಗ ಕೆಲವು ಅಂಗಡಿಗಳಲ್ಲಿ ದೊರೆಯುತ್ತಿದೆ. ಅದು ಪಡಿತರದ ಗ್ರಾಹಕನಿಗೂ ಎಟುಕುವ ಬೆಲೆಯಲ್ಲಿ ದೊರೆಯಬೇಕಾದರೆ ಸಹಾಯಧನ ಹೊಲದಿಂದ ಸಂಸ್ಕರಣಾ ಘಟಕದವರೆಗೂ ಬರಬೇಕು.

ಅಲ್ಲಿಯವರೆಗೆ, ಫ್ರಿಜ್ ಇಲ್ಲದ ಮನೆಗಳಿಗೆ ಒಂದು ಮಾತು. ಬೇಸಿಗೆಯ ರಾತ್ರಿ ಹಾಲನ್ನು ಹೊರಗಿಟ್ಟು ಓಟ್ಸ್ ನೆನೆಸುವ ಸಾಹಸ ಬೇಡ, ಅದು ಕೆಡುತ್ತದೆ. ಅಂಥವರಿಗೆ ರಾಗಿ ಹುರಿಹಿಟ್ಟಿದೆ. ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಅದನ್ನು ಬೇಯಿಸಬೇಕಾಗಿಲ್ಲ, ರಾತ್ರಿ ನೆನೆಸಬೇಕಾಗಿಯೂ ಇಲ್ಲ. ಬೆಳಿಗ್ಗೆ ಮೊಸರಿನಲ್ಲೋ ಹಾಲಿನಲ್ಲೋ ಕಲಸಿ, ಬಾಳೆಹಣ್ಣು ಹಿಸುಕಿ, ಏಲಕ್ಕಿ ಪುಡಿ ಉದುರಿಸಿದರೆ ಐದು ನಿಮಿಷದಲ್ಲಿ ಸಿದ್ಧ. ಅದನ್ನು ಕಲಸುವುದಕ್ಕೂ ಮನೆಯ ಹೆಂಗಸರೇ ಆಗಬೇಕೆಂದಿಲ್ಲ.