ಪಟ ನಮ್ಮದು, ಪೇಟೆ ಕಳ್ಳರದು

ಹೋಟೆಲೊಂದು ಮುಚ್ಚಿದಾಗ ನಡೆಯುವ ಲಿಲಾವನ್ನು ನಮ್ಮಲ್ಲಿ ನೋಡದವರು ಕಡಿಮೆ. ಹಂಡೆ, ಕೊಳಗ, ಮೇಜು, ಕುರ್ಚಿ, ರುಬ್ಬುವ ಯಂತ್ರ, ದೋಸೆಯ ಕಾವಲಿ ಎಲ್ಲವೂ ಅಂಗಳಕ್ಕೆ ಬೀಳುತ್ತವೆ. ಸವಾಲು ಕೂಗುವವನು ಎಷ್ಟೇ ಹೊಗಳಲಿ, ಕೊಳ್ಳುವವನು ಹಂಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾನೆ. ಕಾವಲಿಯನ್ನು ಮಗುಚಿ ಬಿರುಕು ಹುಡುಕುತ್ತಾನೆ. ಯಂತ್ರವನ್ನು ಒಮ್ಮೆ ತಿರುಗಿಸಿ ನೋಡಿಯೇ ಬೆಲೆ ಹೇಳುತ್ತಾನೆ. ಮಾಲೂ ಎದುರಿಗಿದೆ, ಮಾರುವವನೂ ಎದುರಿಗಿದ್ದಾನೆ. ಈಗ ಆ ಲಿಲಾವಿನ ಕಟ್ಟೆ ಎದ್ದು ಬಂದು ಕೈಯೊಳಗಿನ ಫೋನಿನಲ್ಲಿ ಕುಳಿತಿದೆ. ಅಲ್ಲಿ ಹಂಡೆಯಿಲ್ಲ, ಹಂಡೆಯ ಪಟವಿದೆ. ಗಿರಾಕಿ ಬಡಿದು ನೋಡುವುದು ಗಾಜನ್ನು. ಆ ಪೇಟೆಯಲ್ಲಿ ಪಟವೇ ಮಾಲು. ಆದುದರಿಂದ ಅಲ್ಲಿ ಪಟ ಕದ್ದವನು ಮಾಲಿನ ಮುಖವನ್ನೇ ಕದ್ದ ಹಾಗೆ.

"ಪಟ ಕದ್ದರೆ ನಿನಗೇನು ಹೋಯಿತು? ಮಾಲು ನಿನ್ನ ಖೋಲಿಯಲ್ಲೇ ಇದೆಯಲ್ಲ!" ಎಂದು ನಗುವ ಬುದ್ಧಿವಂತರು ನಮ್ಮ ನಡುವೆ ಇದ್ದಾರೆ. ಅವರಿಗೆ ಉತ್ತರ ಕೊಡಬೇಕಾಗಿದೆ.

ಕಳವು ನಡೆಯುವ ರೀತಿ ಇದು. ಊರಿಗೆ ಹಿಂತಿರುಗಬೇಕೆಂದಿರುವ ನಮ್ಮವನೊಬ್ಬ ತನ್ನ ಸ್ಕೂಟರಿನ ನಾಲ್ಕು ಪಟ ತೆಗೆದು ಜಾಹೀರಾತು ಹಾಕುತ್ತಾನೆ. ನಲವತ್ತು ಸಾವಿರ ರೂಪಾಯಿ ಬೆಲೆ. ಮರುದಿನ ಅದೇ ಸ್ಕೂಟರು, ಅದೇ ಚಾಳಿನ ಗೋಡೆ, ಹಿಂದೆ ಒಣಗಹಾಕಿದ ಅದೇ ಪಂಚೆ, ಇನ್ನೊಂದು ಊರಿನ ಹೆಸರಿನಲ್ಲಿ ಹದಿನೆಂಟು ಸಾವಿರಕ್ಕೆ ಕಾಣಿಸಿಕೊಳ್ಳುತ್ತದೆ. ಮಾರುವವನು ಸೈನಿಕನಂತೆ, ವರ್ಗವಾಗಿದೆಯಂತೆ, ಆದ್ದರಿಂದ ಅಗ್ಗವಂತೆ. ನಂಬಿಕೆ ಹುಟ್ಟಲೆಂದು ಸೈನಿಕನ ಗುರುತುಚೀಟಿಯ ಪಟವನ್ನೂ ಕಳಿಸುತ್ತಾನೆ. ಅದು ಇನ್ನಾವುದೋ ಬಡಪಾಯಿಯಿಂದ ಕದ್ದದ್ದು. ಮುಂಗಡವೆಂದು ಎರಡು ಸಾವಿರ, ಗಾಡಿ ಸಾಗಿಸಲೆಂದು ಮೂರು ಸಾವಿರ ವಸೂಲಾದ ಮೇಲೆ ಆ ಫೋನು ಮತ್ತೆ ಎತ್ತುವುದಿಲ್ಲ. ಹಣ ಕಳೆದುಕೊಂಡವನು ಸುಮ್ಮನೆ ಕೂರುತ್ತಾನೆಯೇ? ಪಟದಲ್ಲಿ ಕಂಡ ಗಾಡಿಯ ನಂಬರನ್ನು ಹಿಡಿದು ಹುಡುಕುತ್ತ ಬರುತ್ತಾನೆ. ಬರುವುದು ಕಳ್ಳನ ಮನೆಗಲ್ಲ, ನಮ್ಮವನ ಚಾಳಿಗೆ. ಪೊಲೀಸರ ಕರೆ ಬಂದರೂ ಇವನಿಗೇ. ಮೂವತ್ತು ವರ್ಷ ಗಲ್ಲೆಯ ಮೇಲೆ ಕುಳಿತು ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದವನು ನೆರೆಹೊರೆಯವರ ಮುಂದೆ "ನಾನಲ್ಲ, ನಾನಲ್ಲ" ಎಂದು ಆಣೆ ಹಾಕಬೇಕಾಗುತ್ತದೆ. ಬುದ್ಧಿವಂತರೇ, ಹೋದದ್ದು ಏನೆಂದು ಈಗ ತಿಳಿಯಿತೇ?

ಖೋಲಿಯ ಕಥೆ ಇದಕ್ಕಿಂತ ಕಹಿ. ಹೋಟೆಲಿನಲ್ಲೇ ಉಂಡು, ಹೋಟೆಲಿನಲ್ಲೇ ಮಲಗಿದ ಹುಡುಗ ಮದುವೆಯಾದ ಮೇಲೆ ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಬಾಡಿಗೆಗೆ ಒಂದು ಖೋಲಿ ಹುಡುಕುತ್ತಾನೆ. ಫೋನಿನಲ್ಲಿ ಕಾಣುವ ಖೋಲಿಗೆ ಒಳ್ಳೆಯ ಕಿಟಕಿಯಿದೆ, ನಲ್ಲಿಯಿದೆ, ಬಾಡಿಗೆಯೂ ಹಗುರ. "ಬಹಳ ಜನ ಕೇಳುತ್ತಿದ್ದಾರೆ, ಟೋಕನ್ ಹಾಕಿದರೆ ನಿಮಗೇ ಇಡುತ್ತೇನೆ" ಎನ್ನುತ್ತದೆ ಒಂದು ದನಿ. ತಟ್ಟೆಯೆತ್ತಿ, ಒಲೆಯ ಮುಂದೆ ಬೆಂದು ಕೂಡಿಟ್ಟ ಹಣ ಹೀಗೆ ಹೋಗುತ್ತದೆ. ಖೋಲಿ ಸುಳ್ಳಲ್ಲ. ಅದು ಎಲ್ಲೋ ಇದೆ, ಅದರಲ್ಲಿ ಒಂದು ಸಂಸಾರವೂ ಇದೆ. ಅವರು ಎಂದೋ ಹಾಕಿದ್ದ ಪಟ ಮಾತ್ರ ಅವರಿಗೆ ತಿಳಿಯದೆ ಬೀದಿ ಸುತ್ತುತ್ತಿದೆ.

ಈ ಪೇಟೆಯ ಹುಟ್ಟಿನ ಬಗ್ಗೆ ಒಂದು ಮಾತು. 1995ರಲ್ಲಿ ಅಮೆರಿಕೆಯಲ್ಲಿ ಪಿಯೆರ್ ಒಮಿಡ್ಯಾರ್ ಎಂಬವನು ಆಕ್ಷನ್‌ವೆಬ್ ಎಂಬ ಲಿಲಾವಿನ ತಾಣವನ್ನು ತೆರೆದ. ಮುಂದೆ ಅದೇ ಈಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟಿಗೆ. ಕೆಟ್ಟದ್ದೆಂದು ಗೊತ್ತಿದೆ ತಾನೆ ಎಂದು ಕೇಳಿದಾಗ, ಗೊತ್ತಿದೆ, ಅಂಥವನ್ನೇ ಕೂಡಿಸುತ್ತೇನೆ ಎಂದನಂತೆ ಕೊಂಡವನು. ಮಾಲು ಕೆಟ್ಟದ್ದಾದರೂ ಮಾತು ಕೆಟ್ಟಿರಲಿಲ್ಲ. ನಮ್ಮ ಮುಂಬಯಿಯಲ್ಲಿ ಹುಟ್ಟಿದ ಬಾಜಿ ಡಾಟ್ ಕಾಮ್ ಎಂಬ ತಾಣವನ್ನು 2004ರಲ್ಲಿ ಈಬೇ ಕೊಂಡಿತು; 2018ರಲ್ಲಿ ಈಬೇಯ ಭಾರತದ ಅಂಗಡಿ ಬಾಗಿಲು ಹಾಕಿತು. ಕಟ್ಟೆಗಳು ಬರುತ್ತವೆ, ಹೋಗುತ್ತವೆ. ಪಟದ ಕಳ್ಳರು ಮಾತ್ರ ಒಂದು ಕಟ್ಟೆ ಮುಚ್ಚಿದರೆ ಇನ್ನೊಂದಕ್ಕೆ ಹಾರುತ್ತಾರೆ.

ಕಾನೂನು ನಮ್ಮ ಕಡೆ ಇಲ್ಲವೇ? ಇದೆ. ಎಷ್ಟು ಇದೆ ಎಂಬುದನ್ನು ಬಂಧುಗಳು ಸ್ವಲ್ಪ ಸಮಾಧಾನದಿಂದ ಓದಬೇಕು.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಪಟ ತೆಗೆದವನೇ ಅದರ ಕರ್ತೃ. ನೋಂದಣಿ ಮಾಡಿಸಲೇಬೇಕೆಂದಿಲ್ಲ, ಗುಂಡಿ ಒತ್ತಿದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಪಟ ತೆಗೆದವನ ಆಯುಷ್ಯವಿಡೀ, ಅವನು ತೀರಿಕೊಂಡ ಮೇಲೆಯೂ 60 ವರ್ಷ ಅದು ಬಾಳುತ್ತದೆ. ದೊಡ್ಡ ಸ್ಟುಡಿಯೋದವನ ಪಟಕ್ಕೂ ಚಟ್ನಿ ರುಬ್ಬುವವನ ಪಟಕ್ಕೂ ಕಾಯಿದೆ ಭೇದ ಮಾಡಿಲ್ಲ. (ಒಂದು ಎಚ್ಚರಿಕೆ: ನೌಕರಿಯ ಕೆಲಸವಾಗಿ ಧಣಿಗೋಸ್ಕರ ತೆಗೆದ ಪಟದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಧಣಿಗೇ ಸೇರುತ್ತದೆ. ಇದೂ ಅದೇ ಕಾಯಿದೆಯ ಮಾತು.) ತಿಳಿದೂ ತಿಳಿದೂ ಆ ಹಕ್ಕನ್ನು ಮುರಿದವನಿಗೆ 63ನೆಯ ಕಲಮಿನಂತೆ ಮೂರು ವರ್ಷದವರೆಗೆ ಸಜೆಯಾಗಬಹುದು. ಇದು ಪೊಲೀಸರು ತಾವಾಗಿಯೇ ಕೈಗೆತ್ತಿಕೊಳ್ಳಬಹುದಾದ ಅಪರಾಧವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಕಂಪ್ಯೂಟರು, ಫೋನುಗಳ ಮೂಲಕ ಇನ್ನೊಬ್ಬನ ವೇಷ ಹಾಕಿ ಮೋಸ ಮಾಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮು ಬೇರೆ ಇದೆ. ಮೋಸಕ್ಕೆ ಹಳೆಯ 420ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ರಲ್ಲಿ ಸೇರಿಕೊಂಡಿತು. ನಂಬರು ಬದಲಾಯಿತು, ಚಾರ್‌ಸೋಬೀಸರು ಬದಲಾಗಲಿಲ್ಲ.

ಇನ್ನು ಕದ್ದ ಪಟವನ್ನು ತೂಗುಹಾಕಿದ ಕಂಪನಿಯ ಮಾತು. 2013ರ ಕೃತಿಸ್ವಾಮ್ಯ ನಿಯಮಗಳ 75ನೆಯ ನಿಯಮದಂತೆ, ಹಕ್ಕುದಾರನು ಬರಹದಲ್ಲಿ ದೂರು ಕೊಟ್ಟು ಅದು ಕಂಪನಿಗೆ ಒಪ್ಪಿಗೆಯಾದರೆ 36 ಗಂಟೆಯೊಳಗೆ ಅದು ಪಟವನ್ನು ಇಳಿಸಬೇಕು. ಓದುವುದಕ್ಕೆ ಎಷ್ಟು ಸೊಗಸು! ಆದರೆ ಅದೇ ನಿಯಮದ ಬಾಲದಲ್ಲಿ ಒಂದು ಮುಳ್ಳಿದೆ. ದೂರುದಾರನು ತಾನು ಕೋರ್ಟಿನಲ್ಲಿ ದಾವೆ ಹೂಡಿ 21 ದಿನದೊಳಗೆ ಆಜ್ಞೆ ತಂದು ತೋರಿಸುತ್ತೇನೆಂದು ಬರೆದುಕೊಡಬೇಕು. ತಾರದಿದ್ದರೆ ಕಂಪನಿ ಪಟವನ್ನು ಮತ್ತೆ ಏರಿಸಬಹುದು. ಎರಡು ಪಾಳಿ ದುಡಿಯುವ ಹೋಟೆಲು ಕಾರ್ಮಿಕ ಹಳೆಯ ಸ್ಕೂಟರಿನ ಪಟಕ್ಕಾಗಿ ವಕೀಲನನ್ನು ಹಿಡಿದು 21 ದಿನದಲ್ಲಿ ಆಜ್ಞೆ ತರಬೇಕಂತೆ! ಈ ನಿಯಮ ಬರೆದವರ ಕಣ್ಣ ಮುಂದೆ ಸಿನಿಮಾ ಕಂಪನಿಗಳಿದ್ದವೇ ಹೊರತು ನಾವಿರಲಿಲ್ಲ.

2020ರ ಇ-ವಾಣಿಜ್ಯ ನಿಯಮಗಳೂ ಇವೆ. ಮಾಲಿನ ವರ್ಣನೆ, ಚಿತ್ರ ಎಲ್ಲವೂ ನಿಜವಾದ ಮಾಲಿಗೆ ತಾಳೆಯಾಗುತ್ತವೆಂದು ಪೇಟೆ ನಡೆಸುವವನು ಮಾರಾಟಗಾರರಿಂದ ಬರೆಸಿಕೊಳ್ಳಬೇಕೆಂದು ಅವು ಹೇಳುತ್ತವೆ. ನ್ಯಾಯವಾದ ಮಾತು. ಆದರೆ ಅದನ್ನು ಬರೆದದ್ದು ಕಸುಬಿನ ವ್ಯಾಪಾರಿಗಳನ್ನು ಮನಸ್ಸಿನಲ್ಲಿಟ್ಟು. ಹಳೆಯ ಸಾಮಾನು ಮಾರುವ ಸಾಮಾನ್ಯನ ಪೇಟೆ ಅದರ ಬಲೆಯ ಕಣ್ಣಿನಿಂದ ನುಸುಳಿ ಹೋಗುತ್ತದೆ. ಇನ್ನೂ ಒಂದು ತಮಾಷೆ ನೋಡಿ. ನಾವು ಪಟ ಹಾಕುವಾಗ ಓದದೆ ಒತ್ತುವ "ಒಪ್ಪಿದ್ದೇನೆ" ಎಂಬ ಗುಂಡಿಯ ಹಿಂದೆ ಉದ್ದನೆಯ ಕರಾರಿದೆ. ನಮ್ಮ ಪಟವನ್ನು ಬಿಟ್ಟಿಯಾಗಿ ಬಳಸುವ ಹಕ್ಕನ್ನು ಕಂಪನಿ ಅದರಲ್ಲಿ ಪಡೆದುಕೊಂಡಿರುತ್ತದೆ. ಬಳಸುವ ಹಕ್ಕು ಅವರಿಗೆ, ಕಾಯುವ ಹೊಣೆ ನಮಗೆ!

ಕೇಳಿದರೆ ಕಂಪನಿಗಳು ಹೇಳುವುದು ಒಂದೇ ಮಾತು: "ನಾವು ಬರೀ ಮೈದಾನ ಕೊಟ್ಟವರು. ಅಲ್ಲಿ ಯಾರು ಏನು ಮಾರಿದರೋ ನಮಗೆ ಗೊತ್ತಿಲ್ಲ." ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು ಅವರ ಕೊಡೆ. ಸಂತೆಯ ಗುತ್ತಿಗೆ ಹಿಡಿದವನು ಸುಂಕ ಎತ್ತುತ್ತಾನೆ; ಅಂಥವನು ಸಂತೆಯಲ್ಲಿ ಖೋಟಾ ತಕ್ಕಡಿ ಹಿಡಿದು ಕುಳಿತವನನ್ನು ನೋಡಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ನಿಜವಾದ ಜಾಹೀರಾತಿಗೆ ಬಂದ ಕಣ್ಣುಗಳಿಂದಲೂ ಸುಳ್ಳು ಜಾಹೀರಾತಿಗೆ ಬಂದ ಕಣ್ಣುಗಳಿಂದಲೂ ಅವರಿಗೆ ಲಾಭವೇ.

ಇಷ್ಟು ಲಕ್ಷ ಪಟಗಳಲ್ಲಿ ಒಂದನ್ನು ಹುಡುಕುವುದು ಹೇಗೆ ಸಾಧ್ಯ ಎಂಬುದು ಅವರ ಎರಡನೆಯ ಸಬೂಬು. ಇದನ್ನು ನಾವು ಖಂಡಿತ ಒಪ್ಪುವುದಿಲ್ಲ. ಸಿನಿಮಾ, ಸಂಗೀತಗಳ ಒಡೆಯರಿಗಾಗಿ ಯೂಟ್ಯೂಬು 2007ರಲ್ಲೇ ಕಂಟೆಂಟ್ ಐಡಿ ಎಂಬ ಯಂತ್ರವನ್ನು ಹೂಡಿತು. ಯಾರಾದರೂ ಒಡೆಯರ ಹಾಡಿನ ತುಣುಕನ್ನು ಏರಿಸಿದರೆ ಅದು ತಾನಾಗಿಯೇ ಪತ್ತೆಹಚ್ಚುತ್ತದೆ. ಒಂದು ವಸ್ತುವಿನ ಪಟ ತೋರಿಸಿದರೆ ಅಂಥದೇ ಮಾಲನ್ನು ಹುಡುಕಿಕೊಡುವ ಸೌಕರ್ಯವನ್ನು ಈಬೇ 2017ರಲ್ಲಿ ತಂದಿತು. ಅಂದರೆ ಯಂತ್ರಕ್ಕೆ ಕಣ್ಣಿದೆ. ಕೊಳ್ಳುವವನ ಕೈಯಿಂದ ಹಣ ಬಿಚ್ಚಿಸಬೇಕಾದಾಗ ಆ ಕಣ್ಣು ತೆರೆಯುತ್ತದೆ. ಬಡವನ ಪಟ ಎರಡು ಹೆಸರಿನಲ್ಲಿ, ಎರಡು ಬೆಲೆಯಲ್ಲಿ, ಎರಡು ಊರಿನಲ್ಲಿ ನೇತಾಡುವಾಗ ಅದಕ್ಕೆ ಜೊಂಪು ಹತ್ತುತ್ತದೆ.

ಹಾಗೆಂದು ಅವರ ಕಣ್ಣು ತೆರೆಯುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪಟ ತೆಗೆಯುವಾಗಲೇ ಒಂದು ಚೀಟಿಯಲ್ಲಿ ನಿಮ್ಮ ಜಾಹೀರಾತಿನ ಹೆಸರು, ತಾರೀಕು ಬರೆದು ಮಾಲಿನ ಮೇಲೆಯೇ ಇಡಿ. ಮೂಲೆಯಲ್ಲಿ ಅಚ್ಚೊತ್ತಿದ ಹೆಸರನ್ನು ಕಳ್ಳ ಒಂದು ನಿಮಿಷದಲ್ಲಿ ಕತ್ತರಿಸುತ್ತಾನೆ; ಮಾಲಿನ ನಡುವೆಯೇ ಹಾದುಹೋದ ಅಕ್ಷರ ಅಷ್ಟು ಸುಲಭವಾಗಿ ಹೋಗದು. (ಈಗಿನ ಕೃತಕ ಬುದ್ಧಿಯ ಯಂತ್ರಗಳು ಅದನ್ನೂ ಅಳಿಸಬಲ್ಲವು, ನಿಜ. ಬೀಗ ಮುರಿಯುವವನಿದ್ದಾನೆಂದು ಬಾಗಿಲನ್ನು ತೆರೆದಿಟ್ಟು ಮಲಗುವವರುಂಟೇ?) ಗಾಡಿಯ ನಂಬರು, ಮನೆಯ ನಂಬರು, ರಸೀದಿ, ಆಧಾರ್ ಚೀಟಿ ಪಟದಲ್ಲಿ ಬೀಳದಿರಲಿ. ಜಾಹೀರಾತಿಗೆ ಚಿಕ್ಕ ಅಳತೆಯ ಪ್ರತಿ ಸಾಕು. ಮೂಲ ಪಟವನ್ನು ಮಾಲು ಮಾರಿದ ಮೇಲೂ ಅಳಿಸಬೇಡಿ. ತೆಗೆದ ದಿನ, ಹೊತ್ತು ಅದರೊಳಗೇ ದಾಖಲಾಗಿರುತ್ತದೆ. ನಾಳೆ ಠಾಣೆಯಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಅದೇ. ಮಾಲು ಕೈಬಿಟ್ಟ ದಿನವೇ ಜಾಹೀರಾತನ್ನು ಇಳಿಸಿ.

ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಗೂಗಲ್ ಲೆನ್ಸ್ ಎಂಬುದು ಅನೇಕರ ಫೋನಿನಲ್ಲಿ ಬಿಟ್ಟಿಯಾಗಿಯೇ ಇದೆ; ಪಟವನ್ನು ಅದಕ್ಕೆ ತೋರಿಸಿದರೆ ಅದೇ ಪಟ ಬೇರೆಲ್ಲಿದೆ ಎಂಬುದನ್ನು ಎಷ್ಟೋ ಸಲ ಹೇಳಿಬಿಡುತ್ತದೆ. ಮಾರುವವನಿಗೆ "ಇಂದಿನ ಪತ್ರಿಕೆಯನ್ನು ಮಾಲಿನ ಪಕ್ಕದಲ್ಲಿಟ್ಟು ವಿಡಿಯೋ ಕರೆಯಲ್ಲಿ ತೋರಿಸು" ಎನ್ನಿ. ನೆಪ ಹೇಳಿದರೆ ಅಲ್ಲಿಗೇ ಬಿಡಿ. ಖೋಲಿಯ ಬೀಗ ತೆಗೆಸಿ ಒಳಗೆ ಕಾಲಿಡದೆ ಒಂದು ಪೈಸೆಯನ್ನೂ ಕಳಿಸಬೇಡಿ. ಇನ್ನು ಮಾರುವವರಿಗೆ ಎಷ್ಟು ಸಲ ಹೇಳಿದರೂ ಸಾಲದ ಮಾತೊಂದಿದೆ. ಹಣ ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಚಿತ್ರಕ್ಕೆ ಫೋನು ಹಿಡಿಯಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಅಷ್ಟೇ.

ಮೋಸವಾದರೆ ಮೊದಲು 1930 ನಂಬರಿಗೆ ಫೋನು ಮಾಡಿ. ಹಣ ಕಳ್ಳನ ಖಾತೆಯಿಂದ ಮುಂದೆ ಸಾಗುವ ಮೊದಲೇ ತಡೆಯುವ ಆಸೆಯಿರುವುದು ಮೊದಲ ಕೆಲವು ಗಂಟೆಗಳಲ್ಲಿ. ಪಟ ಮಾತ್ರ ಕಳುವಾಗಿದ್ದರೆ, ಕಳ್ಳ ಜಾಹೀರಾತಿನ ವಿಳಾಸ, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೇ ದೂರು ಕೊಡಿ. ದೂರು ಮುಟ್ಟುತ್ತಲೇ ಜಾಹೀರಾತು ಮಾಯವಾದರೆ ಸಾಕ್ಷಿಯೂ ಮಾಯ. ಕಂಪನಿಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ, ಸೈಬರ್ ಪೊಲೀಸರಿಗೂ ಬರೆಯಿರಿ. ನಿಮ್ಮನ್ನೇ ಕಳ್ಳನೆಂದು ಹುಡುಕಿ ಯಾರಾದರೂ ಬಂದ ದಿನ, ಮೊದಲೇ ಕೊಟ್ಟ ಆ ದೂರಿನ ನಕಲು ನಿಮ್ಮ ಮಾನ ಕಾಯುತ್ತದೆ.

"ಅನಕ್ಷರಸ್ಥರು ಈ ಪೇಟೆಗೆ ಹೋಗುವುದೇಕೆ?" ಎಂದು ಕೇಳುವವರಿಗೂ ಎರಡು ಮಾತು. ಊರಿಗೆ ಹಣ ಕಳಿಸುವುದು ಫೋನಿನಲ್ಲಿ, ರೇಲ್ವೆ ಟಿಕೇಟು ಫೋನಿನಲ್ಲಿ, ಗ್ಯಾಸು ಫೋನಿನಲ್ಲಿ. ನಮ್ಮನ್ನು ಅಲ್ಲಿಗೆ ಎಳೆದು ತಂದವರು ಇದೇ ಕಂಪನಿಗಳು, ಇದೇ ಸರಕಾರ. 1982ರ ಮುಷ್ಕರದ ನಂತರ ಗಿರಣಿಗಳ ಭೋಂಗಾ ಒಂದೊಂದಾಗಿ ಅಡಗಿದಾಗ, ಪರೇಲು-ಲಾಲ್‌ಬಾಗಿನ ಕಾರ್ಮಿಕನಿಗೆ "ಬೇರೆ ಕಸುಬು ನೋಡಿಕೋ" ಎಂದವರೂ ಇಂಥವರೇ. ಆ ಬೇರೆ ಕಸುಬು ಎಷ್ಟೋ ಮನೆಗಳಲ್ಲಿ ಹಳೆಯ ಮಾಲನ್ನು ಕೊಂಡು ರಿಪೇರಿ ಮಾಡಿ ಮಾರುವುದು. ಅದಕ್ಕೆ ಪಟವೇ ಅಂಗಡಿಯ ಹಲಗೆ.

ಆದುದರಿಂದ ನಾವು ಕೇಳುವುದು ಇಷ್ಟು. ಒಂದೇ ಪಟ ಎರಡನೆಯ ಹೆಸರಿನಲ್ಲಿ ಬಂದರೆ ಪ್ರಕಟಿಸುವ ಮುನ್ನವೇ ಯಂತ್ರ ಅದನ್ನು ತಡೆಯಬೇಕು. ಮೊದಲು ಹಾಕಿದವನಿಗೆ ಸುದ್ದಿ ಮುಟ್ಟಿಸಬೇಕು. ದೂರು ಕೊಡುವ ಜಾಗ ಜಾಹೀರಾತಿನ ಪಕ್ಕದಲ್ಲೇ ಇರಬೇಕು, ಕನ್ನಡ, ಮರಾಠಿ, ಹಿಂದಿಯಲ್ಲಿ ಇರಬೇಕು. ಮೋಸದ ಜಾಹೀರಾತನ್ನು ಇಳಿಸಿದ ಮೇಲೆ ಅದಕ್ಕೆ ಉತ್ತರಿಸಿದ್ದ ಪ್ರತಿಯೊಬ್ಬ ಗಿರಾಕಿಗೂ ಎಚ್ಚರಿಕೆ ಕಳಿಸಬೇಕು. ಸಣ್ಣ ಮಾರಾಟಗಾರನ ಪಟದ ದೂರಿನಲ್ಲಿ 21 ದಿನದ ಕೋರ್ಟಿನ ಷರತ್ತನ್ನು ಸರಕಾರ ತೆಗೆಯಬೇಕು. ದೂರು ಬಂದ ಮೇಲೂ ಇಳಿಸದೆ ಕೂತ ಕಂಪನಿ, ಆಮೇಲೆ ಆ ಜಾಹೀರಾತಿನಿಂದ ಹಣ ಕಳೆದುಕೊಂಡವನಿಗೆ ತುಂಬಿಕೊಡಬೇಕು.

ಈ ಬೇಡಿಕೆಗಳ ಅರ್ಜಿ ಸಂಘದ ಕಚೇರಿಯಲ್ಲಿದೆ. ಪಟ ಕಳೆದುಕೊಂಡವರು ಕಳ್ಳ ಜಾಹೀರಾತಿನ ಸ್ಕ್ರೀನ್‌ಶಾಟ್ ತಂದರೆ ಅರ್ಜಿಯ ಜೊತೆಗೆ ಲಗತ್ತಿಸಲಾಗುವುದು. ಸಹಿ ಹಾಕಲು ರಾತ್ರಿ ಪಾಳಿ ಮುಗಿಸಿ ತಡವಾಗಿ ಬಂದರೂ ಅಡ್ಡಿಯಿಲ್ಲ, ಮಲಗಿದವರನ್ನು ಎಬ್ಬಿಸಿ.