ಸರ್ವರಿನಲ್ಲಿ ಕುಳಿತ ಹಳೇ ನಿಯಮ

‘ಕಚೇರಿಗೆ ಮೇಲ್ ಹಾಕೀವ್ರಿ, ಮುಟ್ಟೇ ಇಲ್ಲ ಅಂತಾರ.’ ಸವದತ್ತಿಯಲ್ಲಿ ಈ ಮಾತು ಈಗ ಹೊಸದಲ್ಲ. ಕಳಿಸಿದವರ ಮೊಬೈಲಿನಲ್ಲಿ ಹೋದ ಮೇಲಿನ ಪ್ರತಿ ಇದೆ, ವಿಳಾಸ ತಪ್ಪೆಂದು ಅದು ವಾಪಸ್ ಬಂದಿಲ್ಲ. ಗುಮಾಸ್ತರು ಇನ್‌ಬಾಕ್ಸ್ ತೆರೆದು ತೋರಿಸಿದರೆ ಅಲ್ಲಿಯೂ ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೇಲ್ ಸರ್ವರಿನ ತನಕ ಬಂದಿದೆ. ಇನ್‌ಬಾಕ್ಸಿಗೆ ಬೀಳುವ ಮುಂಚೆಯೇ ಯಾರೋ ಎಂದೋ ಬರೆದಿಟ್ಟ ಫಿಲ್ಟರ್ ಅದನ್ನು ಎತ್ತಿ ಬೇರೆಡೆ ಹಾಕಿದೆ. ಬರೆದವರು ವರ್ಗವಾಗಿ ಹೋದರು, ನಿಯಮ ಇಲ್ಲೇ ಉಳಿಯಿತು.

ರೌಂಡ್‌ಕ್ಯೂಬ್‌ನಂಥ ವೆಬ್‌ಮೇಲಿನ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ಸ್ ಎಂಬ ಪುಟವಿರುತ್ತದೆ. ಅಲ್ಲಿ ನಾವು ಆರಿಸಿದ್ದೆಲ್ಲ ‘ಸೀವ್’ ಎಂಬ ಪುಟ್ಟ ಭಾಷೆಯ ಸಾಲುಗಳಾಗಿ ಸರ್ವರಿನಲ್ಲಿ ಕೂರುತ್ತದೆ. ಈ ಭಾಷೆಗೆ 2001ರಲ್ಲಿ ಮಾನಕ ಬಂತು, 2008ರಲ್ಲಿ ಪರಿಷ್ಕಾರವಾಯಿತು. ಕಂಪ್ಯೂಟರ್ ಬಂದ್ ಆಗಿರಲಿ, ಕಚೇರಿಗೆ ಬೀಗ ಬಿದ್ದಿರಲಿ, ಮೇಲ್ ಬಂದ ಕ್ಷಣ ನಿಯಮ ತನ್ನ ಕೆಲಸ ಮಾಡುತ್ತದೆ. ಅದರ ಉಪಕಾರವೂ ಅದೇ, ಅಪಾಯವೂ ಅದೇ.

ನಮ್ಮ ತಾಲ್ಲೂಕಿನ ಒಂದು ಸಂಘದ ಮೇಲ್ ಪೆಟ್ಟಿಗೆಯನ್ನು ಅಲ್ಲಿನ ಕಾರ್ಯದರ್ಶಿಯ ಜತೆ ಕೂತು ನೋಡಿದೆ. ವಿಷಯದ ಸಾಲಿನಲ್ಲಿ ‘ಸವದತ್ತಿ’ ಎಂದಿದ್ದರೆ ಅರ್ಜಿಗಳ ಫೋಲ್ಡರಿಗೆ, ಉಳಿದದ್ದೆಲ್ಲ ‘ಇತರೆ’ಗೆ, ಅದೂ ಓದಿದ್ದೆಂದು ಗುರುತು ಹಾಕಿ. ಇಷ್ಟೇ ನಿಯಮ. ಆದರೆ ನಮ್ಮ ಊರಿನ ಹೆಸರನ್ನು ಎಲ್ಲರೂ ಒಂದೇ ಥರ ಬರೆಯುತ್ತಾರೆಯೇ? ಕನ್ನಡದಲ್ಲಿ ಸವದತ್ತಿ ಎಂದು ಬರೆಯುವವರೂ ಇದ್ದಾರೆ, ಸೌಂದತ್ತಿ ಎಂದು ಬರೆಯುವವರೂ ಇದ್ದಾರೆ. ಇಂಗ್ಲಿಷಿಗೆ ಬಂದರೆ ಸೌಂದತ್ತಿ, ಸೌದತ್ತಿ, ಸವದತ್ತಿ ಮೂರೂ ನಡೆಯುತ್ತವೆ. ಹಳೆಯ ಕಾಗದಪತ್ರ ನೋಡಿ ಬರೆಯುವವರು ತಾಲ್ಲೂಕಿಗೆ ಪರಸಗಡ ಎಂದೇ ಹಾಕುತ್ತಾರೆ. ಯಲ್ಲಮ್ಮನ ಗುಡ್ಡದಿಂದ ಬರೆದವರು ಊರಿನ ಹೆಸರನ್ನೇ ಹಾಕದಿರಬಹುದು. ಇವೆಲ್ಲ ‘ಇತರೆ’ಯಲ್ಲಿ ಬಿದ್ದಿದ್ದವು. ಓದಿದ್ದೆಂಬ ಗುರುತು ಇದ್ದುದರಿಂದ ಹೊಸ ಮೇಲಿನ ಎಣಿಕೆಯಲ್ಲೂ ಕಾಣಿಸಿಕೊಳ್ಳಲಿಲ್ಲ.

ಆಮೇಲೆ ನಿಯಮಗಳ ಸರದಿ ನೋಡಬೇಕು. ಸರ್ವರ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ‘ಇಲ್ಲಿಗೆ ನಿಲ್ಲಿಸು’ ಎಂಬ ಆಜ್ಞೆ ಸಿಕ್ಕರೆ ಮುಂದಿನದನ್ನು ನೋಡುವುದೇ ಇಲ್ಲ. ಮಲಪ್ರಭೆಯ ಕಾಲುವೆಯಲ್ಲಿ ಮೇಲಿನ ತೂಬಿನವರು ನೀರು ತಿರುಗಿಸಿಕೊಂಡರೆ ಕೊನೆಯ ಹೊಲದವನ ಪಾಡು ಏನೋ, ಕೆಳಗಿನ ನಿಯಮದ ಪಾಡೂ ಅದೇ. ಹೊಸ ನಿಯಮ ಕೆಲಸ ಮಾಡುತ್ತಿಲ್ಲವೆಂದು ಅದನ್ನೇ ಮತ್ತೆ ಮತ್ತೆ ತಿದ್ದುವವರು ಮೊದಲು ಅದರ ಮೇಲಿರುವುದನ್ನು ಓದಲಿ.

ಕನ್ನಡದ ಪದ ಹಿಡಿದು ಫಿಲ್ಟರ್ ಬರೆಯುವವರಿಗೆ ಇನ್ನೊಂದು ತೊಡಕು. ಯುನಿಕೋಡಿನಲ್ಲಿ ‘ಯೋಜನೆ’ಯ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಬಿಡಿ ಭಾಗಗಳಾಗಿ ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿ ಅಂಟಿಸಿದ್ದಂತೂ ಸರ್ವರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ, ರೋಮನ್ ಅಕ್ಷರಗಳ ಸಾಲು. ಫೋಲ್ಡರಿಗೆ ಕನ್ನಡ ಹೆಸರಿಟ್ಟಾಗಲೂ ಎಚ್ಚರ ಬೇಕು: ಪೆಟ್ಟಿಗೆಯೊಳಗೆ ಆ ಹೆಸರು ಒಂದು ಸಂಕೇತದಲ್ಲಿ, ನಿಯಮದೊಳಗೆ ಮತ್ತೊಂದರಲ್ಲಿ ಉಳಿಯುವುದುಂಟು. ಎರಡೂ ಹೊಂದದಿದ್ದರೆ ಸರ್ವರಿಗೆ ಫೋಲ್ಡರ್ ಸಿಗುವುದಿಲ್ಲ. ಹಾಗೆಂದು ಕನ್ನಡ ಬಿಡಬೇಕಿಲ್ಲ. ಪದಗಳ ಬದಲು ವಿಳಾಸ ಹಿಡಿದು ವಿಂಗಡಿಸಿ. ಅರ್ಜಿಗೆ ಒಂದು ವಿಳಾಸ, ಬಿಲ್ಲಿಗೆ ಒಂದು ವಿಳಾಸ ಕೊಟ್ಟರೆ ಕಾಗುಣಿತದ ಗೊಡವೆಯೇ ಇರದು.

ನಿಯಮ ಪುಟದಲ್ಲಿ ಕಾಣುತ್ತಿದೆ, ಆದರೂ ನಡೆಯುತ್ತಿಲ್ಲ ಎಂದರೆ? ಒಂದು ಖಾತೆಗೆ ಎಷ್ಟೇ ಸೀವ್ ಕಡತಗಳಿದ್ದರೂ ಜಾರಿಯಲ್ಲಿರುವುದು ಒಂದೇ. ಬೇರೆ ತಂತ್ರಾಂಶದಿಂದ ಯಾರಾದರೂ ಇನ್ನೊಂದನ್ನು ಚಾಲೂ ಮಾಡಿದರೆ ಮೊದಲಿನದು ತೆಪ್ಪಗೆ ಮಲಗುತ್ತದೆ. ಪುಟವೇ ತೆರೆಯದೆ ‘ಸರ್ವರ್ ಸಿಗುತ್ತಿಲ್ಲ’ ಎಂದರೆ 4190ನೆಯ ಪೋರ್ಟ್ ಮುಚ್ಚಿದೆಯೇ ಎಂದು ಸರ್ವರ್ ನೋಡಿಕೊಳ್ಳುವವರನ್ನು ಕೇಳಿ. ಹಳೆಯ ಸರ್ವರುಗಳು 2000ನೆಯದನ್ನು ಬಳಸುತ್ತಿದ್ದವು. ಈಗಾಗಲೇ ಬಂದು ಬಿದ್ದ ಮೇಲುಗಳನ್ನು ಹೊಸ ನಿಯಮ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪರೀಕ್ಷೆಗೆ ಹೊರಗಿನ ವಿಳಾಸದಿಂದ ಹೊಸದೊಂದನ್ನು ಕಳಿಸಿಯೇ ನೋಡಬೇಕು.

ನನಗೆ ಹೆಚ್ಚು ಆತಂಕ ತರುವುದು ‘ರೀಡೈರೆಕ್ಟ್’ ಮತ್ತು ‘ಡಿಸ್ಕಾರ್ಡ್’ ಎಂಬ ಎರಡು ಆಜ್ಞೆಗಳು. ಮೊದಲನೆಯದು ಮೇಲನ್ನು ಇನ್ನೊಂದು ವಿಳಾಸಕ್ಕೆ ದಾಟಿಸುತ್ತದೆ. ಅಧಿಕಾರಿ ವರ್ಗವಾಗಿ ವರ್ಷ ಕಳೆದರೂ ಸಾರ್ವಜನಿಕರ ಅರ್ಜಿ, ಆಧಾರ್ ಪ್ರತಿ, ಪಹಣಿ ಅವರ ಖಾಸಗಿ ಪೆಟ್ಟಿಗೆಗೆ ಹೋಗುತ್ತಲೇ ಇರಬಹುದು. ಪಾಸ್‌ವರ್ಡ್ ಕದ್ದ ವಂಚಕರೂ ಇದನ್ನೇ ಮಾಡುತ್ತಾರೆ. ಬ್ಯಾಂಕಿನಿಂದ ಬರುವ ಎಚ್ಚರಿಕೆಯ ಮೇಲ್ ಕಣ್ಣಿಗೆ ಬೀಳದಂತೆ ಒಂದು ನಿಯಮ ಬರೆದು ಹೋಗುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಅಳಿಯದು, ಕೈಯಿಂದಲೇ ತೆಗೆಯಬೇಕು. ಎರಡನೆಯದು ಮೇಲನ್ನು ಸದ್ದಿಲ್ಲದೆ ಎಸೆಯುತ್ತದೆ. ಕಳಿಸಿದವರಿಗೆ ಸುದ್ದಿಯಿಲ್ಲ, ಪಡೆಯಬೇಕಾದವರಿಗೆ ಗುರುತಿಲ್ಲ. ಸಾರ್ವಜನಿಕ ಕಚೇರಿಯ ಪೆಟ್ಟಿಗೆಯಲ್ಲಿ ಡಿಸ್ಕಾರ್ಡ್ ಇರಲೇಬಾರದು. ಸ್ಪ್ಯಾಮ್ ಎನಿಸಿದ್ದನ್ನು ಜಂಕಿಗೆ ಹಾಕಿ, ವಾರಕ್ಕೊಮ್ಮೆ ಕಣ್ಣಾಡಿಸಿ.

ಕಾನೂನು ನಾಗರಿಕರ ಕಡೆಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 13ನೆಯ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪಡೆಯುವವರು ಗೊತ್ತುಮಾಡಿದ ಕಂಪ್ಯೂಟರ್ ವ್ಯವಸ್ಥೆಯೊಳಗೆ ದಾಖಲೆ ಪ್ರವೇಶಿಸಿದ ಹೊತ್ತೇ ಅದು ಮುಟ್ಟಿದ ಹೊತ್ತು. ಯಾವ ಫೋಲ್ಡರಿಗೆ ಬಿತ್ತು, ಯಾರು ತೆರೆದರು ಎಂಬುದನ್ನು ಕಲಂ ಕೇಳುವುದಿಲ್ಲ. ಮಾಹಿತಿ ಹಕ್ಕಿನ ಕಾಯ್ದೆಯೂ ವಿದ್ಯುನ್ಮಾನ ಅರ್ಜಿಯನ್ನು ಒಪ್ಪುತ್ತದೆ. ‘ನಮಗೆ ಕಾಣಲಿಲ್ಲ’ ಎಂಬುದು ಕಚೇರಿಯ ಒಳಗಿನ ತೊಂದರೆ, ಅರ್ಜಿದಾರರ ತಪ್ಪಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಮನೆ ಬಿದ್ದವರು ಊರಿನ ಹೆಸರಿನ ಕಾಗುಣಿತ ನೋಡಿ ಬರೆಯಲಾರರು. ನಿಯಮ ಎಡವುವ ಇನ್ನೊಂದು ಹೊತ್ತೂ ಇದೆ. ಈಚೆಗೆ ಕೇಂದ್ರ ಸರಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಪೆಟ್ಟಿಗೆಗಳು ಜೋಹೋ ಕಂಪನಿಯ ವೇದಿಕೆಗೆ ಹೋದವು. ಪೆಟ್ಟಿಗೆ ಹೀಗೆ ಸ್ಥಳ ಬದಲಿಸಿದಾಗಲೂ ನಿಯಮಗಳನ್ನು ಹೊಸದಾಗಿ ಓದಬೇಕು. ಯಾವುದು ಬಂತು, ಯಾವುದು ಬಿಟ್ಟುಹೋಯಿತು ನೋಡಬೇಕು.

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಚೇರಿ, ಸಂಘ, ಶಾಲೆಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟು. ಚಾರ್ಜ್ ಕೊಡುವಾಗ ಬೀಗದ ಕೈ, ರಿಜಿಸ್ಟರ್ ಒಪ್ಪಿಸುತ್ತೀರಿ. ಅವುಗಳ ಜತೆ ಫಿಲ್ಟರ್ ಪುಟವನ್ನೂ ಮುದ್ರಿಸಿ, ಹೋಗುವವರೂ ಬರುವವರೂ ಸಹಿ ಹಾಕಿ ಕಡತಕ್ಕೆ ಸೇರಿಸಿ. ಅರ್ಜಿ ಕಳಿಸುವವರು ಹೋದ ಮೇಲನ್ನು ಅಳಿಸಬೇಡಿ. ಉತ್ತರ ಬಾರದಿದ್ದರೆ ಕಳಿಸಿದ ದಿನಾಂಕ, ಸಮಯ ಬರೆದುಕೊಂಡು ಹೋಗಿ, ಇನ್‌ಬಾಕ್ಸ್ ಅಷ್ಟೇ ಅಲ್ಲ, ಎಲ್ಲ ಫೋಲ್ಡರುಗಳಲ್ಲಿ ಹುಡುಕಿಸಿರಿ.