ಒಗ್ಗರಣೆ ನಿಂತ ದಿನಗಳು

ಎರಡು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಒಗ್ಗರಣೆ ನಿಂತಿತು. ಎಣ್ಣೆಗೆ ಇಂಗು ಬಿದ್ದರೆ ಸಾಕು, ಸೊಸೆ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಮಧ್ಯಾಹ್ನ ಕೂತಲ್ಲೇ ನಿದ್ದೆ. ನನ್ನವಳಿಗೆ ಆಗಲೇ ಗೊತ್ತಾಗಿತ್ತು. ನಾನು ಅಜೀರ್ಣವೆಂದು ಜೀರಿಗೆ ಕಷಾಯ ಮಾಡಿಕೊಟ್ಟೆ!

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಹೋದ ವರ್ಷ ಊರಿಗೆಲ್ಲ ಸಿಹಿ ಹಂಚಿದ್ದೆವು. ಹದಿನೈದೇ ದಿನದಲ್ಲಿ ಆಸೆ ಕೈತಪ್ಪಿತು. ಯಾರ ತಪ್ಪೂ ಅಲ್ಲವೆಂದು ಡಾಕ್ಟರು ಹೇಳಿದರೂ ಸೊಸೆ ಎಷ್ಟೋ ದಿನ ನಕ್ಕಿರಲಿಲ್ಲ.

"ತಾತ, ಅಮ್ಮಂಗೆ ಜ್ವರಾನಾ?" ಎರಡನೇ ತರಗತಿಯ ಮೊಮ್ಮಗ ಕೇಳಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಹೊಟ್ಟೇಲಿ ಪಾಪು ಇದೆ ಮರಿ. ಈಗ ಹೆಸರುಕಾಳಿನಷ್ಟು. ಉಳಿಯುತ್ತೆ ಅಂತ ನಾವೆಲ್ಲ ಕಾಯ್ತಾ ಇದೀವಿ."

"ಎಷ್ಟು ದಿನ?"

ಠೇವಣಿಯ ಅವಧಿ ಎಣಿಸಿ ಪಳಗಿದ ಕೈ ನನ್ನದು. ವೈದ್ಯರ ಲೆಕ್ಕದಲ್ಲಿ ಒಟ್ಟು 280 ದಿನ, ನಾಲ್ಕಾರು ದಿನ ಹಿಂದೆಮುಂದೆ. ಅಂದಿನಿಂದ ಕ್ಯಾಲೆಂಡರಿನಲ್ಲಿ ರಾತ್ರಿಗೊಂದು ಗೀಟು ಎಳೆಯುವುದು ಅವನ ಕೆಲಸ. ಗುಟ್ಟನ್ನೂ ಕಾಪಾಡಿದ, ಶಾಲೆಯ ಆಟೋದವರೊಬ್ಬರಿಗೆ ಹೇಳಿದ್ದು ಬಿಟ್ಟರೆ.

ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಕಂಡ ದಿನ ನನ್ನವಳು ದೇವರ ಮುಂದೆ ಸುಮ್ಮನೆ ಕೂತಿದ್ದಳು. ಮೊನ್ನೆ ಮೂರು ತಿಂಗಳು ತುಂಬಿತು. ಸೊಸೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಸಾರಿಗೆ ಒಗ್ಗರಣೆ ಇನ್ನೂ ಇಲ್ಲ.